ಸ್ಟಿಕ್ಕರ್ ಮೇಲಿನ 7358: ಲ್ಯಾಮಿಂಗ್ಟನ್ ರೋಡಿನ ಹಳೇ ಚಿಪ್ ಪ್ರೋಗ್ರಾಮರ್ ಕಥೆ

ಈ ಸಲದ ಮಾತು ಮುಂಬೈಯ ಒಂದು ರಸ್ತೆ, ಒಂದು ಹಳೇ ಡಬ್ಬಿ ಮತ್ತು ಬರೀ 1,024 ಬೈಟುಗಳ ಬಗ್ಗೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದೆ ಲೋಕಲ್‌ನಲ್ಲಿ ನಿಂತ್ಕೊಂಡು ಓದೋರಿಗೆ ಅಂತ ಮಾತನ್ನ ಸ್ವಲ್ಪ ತಿದ್ದಿ ಬರೆದಿದ್ದೀನಿ. ವಿಡಿಯೋದಲ್ಲಿ ಬೋರ್ಡ್ ಕೈಯಲ್ಲಿ ಹಿಡಿದು ತೋರಿಸಿದ ಕಡೆ ಇಲ್ಲಿ ಬಾಯಲ್ಲೇ ಹೇಳಬೇಕಾಗಿದೆ, ಸ್ವಲ್ಪ ಸಹಿಸ್ಕೊಳ್ಳಿ.

ಭಾಂಡುಪ್‌ನ ಒಂದು ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ನನ್ನ ಹೆಂಡತಿಯ ಸೋದರಮಾವನ ಗಾಲಾ ಇದೆ. ಕಾರ್ಕಳದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಹೋಟೆಲ್ ಕೆಲಸ, ರಾತ್ರಿ ಶಾಲೆ, ಆಮೇಲೆ ಟ್ರಾನ್ಸ್‌ಫಾರ್ಮರ್ ವೈಂಡಿಂಗ್ ಕಲಿತವರು. ಈ ಊರಲ್ಲಿ ನಮ್ಮವರ ಹಿಂದಿನ ತಲೆಮಾರಿನ ಕಥೆ ನಿಮಗೆ ಗೊತ್ತಿರೋದೇ. ಅವರ ಹತ್ರ 80ರ ದಶಕದ ಕೊನೆಯ ಒಂದು ಕಾಯಿಲ್ ವೈಂಡಿಂಗ್ ಮಷಿನ್ ಇದೆ. ಬಾಬಿನ್‌ಗೆ ತಾಮ್ರದ ತಂತಿ ಸುತ್ತುತ್ತೆ, ಸುತ್ತು ಎಣಿಸುತ್ತೆ, ಹೇಳಿದಷ್ಟು ಆದಮೇಲೆ ಮೋಟಾರ್ ನಿಲ್ಲಿಸುತ್ತೆ. ಹೋದ ಏಪ್ರಿಲ್‌ನಿಂದ ಮಧ್ಯಾಹ್ನ ಬಿಸಿ ಏರಿದಾಗೆಲ್ಲ ಅದು ಲೆಕ್ಕ ತಪ್ಪೋಕೆ ಶುರುವಾಯ್ತು. 1,200 ಸುತ್ತಿಗೆ ನಿಲ್ಲಬೇಕಾದ್ದು ನಿಲ್ಲದೆ ಮುಂದೆ ಹೋಗೋದು. ಟ್ರಾನ್ಸ್‌ಫಾರ್ಮರಿನಲ್ಲಿ ಸುತ್ತು ಹೆಚ್ಚುಕಮ್ಮಿ ಆದ್ರೆ ಬರೋ ವೋಲ್ಟೇಜೂ ಹೆಚ್ಚುಕಮ್ಮಿ. ಆ ಬಾಬಿನ್ ಬಿಚ್ಚಿ ತಂತಿಯನ್ನ ಗುಜರಿಗೆ ಹಾಕಬೇಕು, ತಾಮ್ರದ ಬೆಲೆ ಏನಿದೆ ಅಂತ ಗೊತ್ತಲ್ಲ. ಮಷಿನ್ ಮಾಡಿದ ಕಂಪನಿ ಈಗಿಲ್ಲ. ಹೊಸ ಮಷಿನ್ ತಗೊಂಡ್ರೆ ಸಾಲ, ತಗೊಳ್ಳದಿದ್ರೆ ಇಬ್ಬರು ಕೆಲಸಗಾರರಿಗೆ ಏನು ಹೇಳೋದು.

ಸೆನ್ಸರ್ ಬದಲಾಯಿಸಿದ್ರು, ಪವರ್ ಸಪ್ಲೈ ಬದಲಾಯಿಸಿದ್ರು. ಆಮೇಲೆ ನನ್ನ ಕರೆದ್ರು. ಬೋರ್ಡ್ ಮೇಲೆ 40 ಕಾಲಿನ ಒಂದು ಚಿಪ್: ಇಂಟೆಲ್ 8748ಎಚ್. ಅದರ ನೆತ್ತಿಯ ಮೇಲೆ ಕಪ್ಪಾದ ಒಂದು ಸ್ಟಿಕ್ಕರ್, ಬಾಲ್‌ಪೆನ್ನಲ್ಲಿ ಬರೆದ ನಾಲ್ಕು ಅಂಕಿ: 7358. ಜಾಬ್ ನಂಬರ್ ಇರಬೇಕು ಅಂದ್ಕೊಂಡು ಅದರ ಕಡೆ ಮತ್ತೆ ನೋಡಲೇ ಇಲ್ಲ. ಇದನ್ನ ನೆನಪಿಟ್ಕೊಳ್ಳಿ.

ಈಗ ಸ್ವಲ್ಪ ಚರಿತ್ರೆ. 1971ರಲ್ಲಿ ಇಂಟೆಲ್‌ನಲ್ಲಿದ್ದ ಡವ್ ಫ್ರೋಮನ್ ಅನ್ನೋ ಇಂಜಿನಿಯರ್ ಇಪ್ರಾಮ್ ಕಂಡುಹಿಡಿದರು. ಬೇರೊಂದು ಚಿಪ್ ಯಾಕೆ ಕೆಡ್ತಿದೆ ಅಂತ ಹುಡುಕ್ತಾ ಇದ್ದಾಗ ಹೊಳೆದದ್ದಂತೆ. ಟ್ರಾನ್ಸಿಸ್ಟರಿನ ಒಳಗೆ ಯಾವುದಕ್ಕೂ ಜೋಡಿಸದೇ ಇರೋ ಒಂದು ಗೇಟ್. ಸುತ್ತಲೂ ಗಾಜಿನಂಥ ಆಕ್ಸೈಡ್ ಪದರ. ಹೆಚ್ಚು ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನುಗಳನ್ನ ಅದರೊಳಗೆ ತಳ್ಳಿದ್ರೆ ಅಲ್ಲೇ ಸಿಕ್ಕಿಹಾಕ್ಕೊಂಡು ವರ್ಷಗಟ್ಟಲೆ ಕೂತಿರ್ತವೆ. ಅಳಿಸಬೇಕಂದ್ರೆ ಚಿಪ್ಪಿನ ಮೇಲಿನ ಕ್ವಾರ್ಟ್ಸ್ ಕಿಟಕಿಯಿಂದ ಅಲ್ಟ್ರಾವಯೊಲೆಟ್ ಬೆಳಕು ಬಿಡಬೇಕು, 15-20 ನಿಮಿಷ. ಮೊದಲನೆಯ ಚಿಪ್ 1702, ಹಿಡಿಸ್ತಿದ್ದದ್ದು 256 ಬೈಟ್. ನೀವು ವಾಟ್ಸಾಪ್‌ನಲ್ಲಿ ಕಳಿಸೋ ಒಂದು ಮೆಸೇಜ್ ಅಷ್ಟೆ. 8748 ಬಂದದ್ದು 1976ರಲ್ಲಿ. ಸಿಪಿಯು, 64 ಬೈಟ್ ರ್‍ಯಾಮ್, 1 ಕಿಲೋಬೈಟ್ ಇಪ್ರಾಮ್, ಎಲ್ಲಾ ಒಂದೇ ಚಿಪ್ಪಿನಲ್ಲಿ. ಕಿಟಕಿ ಇಲ್ಲದ ಇದರ ಒಡಹುಟ್ಟು 8048, ಮೊದಲ ಐಬಿಎಂ ಪಿಸಿಯ ಕೀಬೋರ್ಡಿನ ಒಳಗಿತ್ತು.

ವರ್ಷಗಟ್ಟಲೆ ಅಂದೆ, ಶಾಶ್ವತ ಅನ್ನಲಿಲ್ಲ. ಎಲೆಕ್ಟ್ರಾನು ನಿಧಾನಕ್ಕೆ ಸೋರುತ್ತೆ. ಕಿಟಕಿ ಮೇಲಿನ ಸ್ಟಿಕ್ಕರ್ ಬಿದ್ದುಹೋದ್ರೆ ಇನ್ನೂ ಬೇಗ: ನೇರ ಬಿಸಿಲಲ್ಲಿ ಸುಮಾರು ಒಂದು ವಾರ, ಟ್ಯೂಬ್‌ಲೈಟ್ ಕೆಳಗೆ ಸುಮಾರು ಮೂರು ವರ್ಷ ಅಂತ ಇಂಟೆಲ್‌ನ ಡೇಟಾಶೀಟೇ ಹೇಳ್ತಿತ್ತು. ಮಾವನ ಮಷಿನ್‌ಗೆ ಬಂದದ್ದು ಮುಪ್ಪಿನ ಮರೆವು. ಪೂರ್ತಿ ಮರೆತಿಲ್ಲ, ಬಿಸಿಲಿಗೆ ಮಾತ್ರ ತಡವರಿಸ್ತಾ ಇದೆ. ಪೂರ್ತಿ ಮರೆಯೋದರೊಳಗೆ ಅದರೊಳಗಿನದನ್ನ ಓದಿ ಇಟ್ಕೋಬೇಕು.

ಓದೋಕೆ ಏನು ಕಷ್ಟ, ಅಮೆಜಾನ್‌ನಲ್ಲಿ ಪ್ರೋಗ್ರಾಮರ್ ಸಿಗುತ್ತಲ್ಲ ಅಂತ ನೀವು ಕೇಳ್ತೀರಿ. ನನ್ನ ಹತ್ರಾನೂ ಇದೆ, ಟಿಎಲ್866-2 ಪ್ಲಸ್. ಚೀನಾದ ಒಳ್ಳೇ ಡಬ್ಬಿ. ತಯಾರಕರು ಕೊಡೋದು ವಿಂಡೋಸ್ ಸಾಫ್ಟ್‌ವೇರ್ ಮಾತ್ರ. ಯುಎಸ್‌ಬಿ ತಂತಿಯ ಮೇಲೆ ಓಡಾಡೋ ಮಾತನ್ನ ಕದ್ದು ಕೇಳಿ ಕೆಲವರು ಮಿನಿಪ್ರೋ ಅನ್ನೋ ಓಪನ್ ಸೋರ್ಸ್ ಪ್ರೋಗ್ರಾಂ ಬರೆದ್ರು, ಅದರಿಂದ ಲಿನಕ್ಸ್, ಮ್ಯಾಕ್ ಎರಡರಲ್ಲೂ ಅದು ನಡೆಯುತ್ತೆ. ಆದ್ರೆ ಅದು ಕೊಡೋ ಪ್ರೋಗ್ರಾಮಿಂಗ್ ವೋಲ್ಟೇಜ್ ಹೆಚ್ಚೆಂದ್ರೆ 18. ಅದರ ಪಟ್ಟಿಯಲ್ಲಿ 8748ಎಚ್ ಇರಲೂ ಇಲ್ಲ. ಮಾಮೂಲಿ 27ರ ಸರಣಿಯ ಚಿಪ್ಪನ್ನ ಬರೀ 5 ವೋಲ್ಟಲ್ಲಿ ಓದಬಹುದು. 8748ನಲ್ಲಿ ಹಾಗಲ್ಲ. ಅದರ ಇಎ ಅನ್ನೋ ಕಾಲಿಗೆ 5ಕ್ಕಿಂತ ಬಹಳ ಮೇಲಿನ ವೋಲ್ಟೇಜ್ ಕೊಟ್ರೇನೇ ಅದು ಒಳಗಿನದನ್ನ ಹೊರಗೆ ತೋರಿಸೋದು. ಬರೆಯೋಕಂತೂ 21 ವೋಲ್ಟ್ ಬೇಕು. ಅಂದರೆ ಆ ಕಾಲದ ಚಿಪ್ಪಿಗೆ ಆ ಕಾಲದ ಡಬ್ಬಿಯೇ ಬೇಕು. ಆ ಕಾಲದ ಡಬ್ಬಿ ಎಲ್ಲಿ ಸಿಗುತ್ತೆ ಅಂದ್ರೆ ಲ್ಯಾಮಿಂಗ್ಟನ್ ರೋಡ್.

ಗ್ರಾಂಟ್ ರೋಡ್ ಸ್ಟೇಷನ್ನಲ್ಲಿ ಇಳಿದು ಪೂರ್ವಕ್ಕೆ ಐದು ನಿಮಿಷ ನಡೆದ್ರೆ ಆಯ್ತು. ಬೋರ್ಡಲ್ಲಿ ಡಾ. ದಾದಾಸಾಹೇಬ್ ಭಡ್ಕಮ್ಕರ್ ಮಾರ್ಗ್ ಅಂತಿದೆ. 1903ರಿಂದ 1907ರವರೆಗೆ ಬಾಂಬೆ ಗವರ್ನರ್ ಆಗಿದ್ದ ಲ್ಯಾಮಿಂಗ್ಟನ್ ಹೆಸರನ್ನ ಜನ ಬಿಟ್ಟಿಲ್ಲ. ಮೊದಲು ರೇಡಿಯೋ ಬಿಡಿಭಾಗ, 1972ರ ಅಕ್ಟೋಬರ್ 2ರಂದು ಬಾಂಬೆ ದೂರದರ್ಶನ ಶುರುವಾದ ಮೇಲೆ ಟಿವಿ, ಆಮೇಲೆ ಕಂಪ್ಯೂಟರ್. ನಮ್ಮಲ್ಲಿ ಬಹಳ ಜನ ಕೆಲಸಕ್ಕೆ ಹೋಗೋ ಅಂಧೇರಿಯ ಸೀಪ್ಜ್ ಇದೆಯಲ್ಲ, ಅದರ ಹೆಸರಲ್ಲಿರೋ ಒಂದು 'ಇ' ಎಲೆಕ್ಟ್ರಾನಿಕ್ಸ್‌ದು. 1973ರಲ್ಲಿ ಅದನ್ನ ಕಟ್ಟಿದ್ದೇ ಎಲೆಕ್ಟ್ರಾನಿಕ್ಸ್ ರಫ್ತಿಗೆ, ನಮ್ಮ ಸ್ಟ್ಯಾಂಡಪ್ ಮೀಟಿಂಗಿಗಲ್ಲ. ಮೈಕ್ರೋಪ್ರೊಸೆಸರ್ ಈ ದೇಶದ ಕಾಲೇಜುಗಳಿಗೆ ಬಂದಾಗ ಅದನ್ನ ಕಲಿಸೋ ಕಿಟ್‌ಗಳೂ ಇಲ್ಲೇ ತಯಾರಾದವು. ಡೈನಾಲಾಗ್‌ನವರ ಮೈಕ್ರೋಫ್ರೆಂಡ್ ಕಿಟ್ ಮುಂಬೈದೇ. ನಾವು ಕರ್ನಾಟಕದಲ್ಲಿ ಓದಿದವರು ಲ್ಯಾಬಲ್ಲಿ ಕುಟ್ಟಿದ್ದು ಬೆಂಗಳೂರಿನ ಎಲೆಕ್ಟ್ರೋ ಸಿಸ್ಟಮ್ಸ್ ಅಸೋಸಿಯೇಟ್ಸ್‌ನ ಇಎಸ್‌ಎ 85 ಕಿಟ್, ನೆನಪಿರಬೇಕು. ಹೆಕ್ಸ್ ಕೀಪ್ಯಾಡ್, ಆರು ಅಂಕಿಯ ಡಿಸ್‌ಪ್ಲೇ, ವೈವಾದಲ್ಲಿ ನಡುಗೋ ಕೈ.

1984ರ ನವೆಂಬರ್‌ನಲ್ಲಿ ಹೊಸ ಕಂಪ್ಯೂಟರ್ ನೀತಿ ಬಂದು ಆಮದು ಸಡಿಲ ಆಯ್ತು. ಪಿಸಿ ಅಗ್ಗ ಆಗ್ತಾ ಬಂದ ಹಾಗೆ ಪಿಸಿಯ ಒಳಗೆ ಸಿಕ್ಕಿಸೋ ತೈವಾನಿನ ಚಿಪ್ ಪ್ರೋಗ್ರಾಮರುಗಳೂ ಬಂದವು. ಒಂದು ಐಎಸ್‌ಎ ಕಾರ್ಡ್, ಒಂದು ದಪ್ಪ ಕೇಬಲ್, ತುದಿಗೆ ಒಂದು ಡಬ್ಬಿ, ಡಬ್ಬಿ ಮೇಲೆ ಲಿವರ್ ಇರೋ ಸಾಕೆಟ್. ಸಣ್ಣ ಮಷಿನ್ ಮಾಡೋರು ತಾವೇ ಇಂಥದ್ದು ಇಟ್ಕೊಳ್ತಿರಲಿಲ್ಲ. ಫ್ಲಾಪಿ ತಂದು ಇಲ್ಲಿನ ಅಂಗಡಿಯಲ್ಲಿ ಕೊಟ್ಟು, ಚಿಪ್ಪಿಗೆ ಇಷ್ಟು ಅಂತ ದುಡ್ಡು ಕೊಟ್ಟು ಬರೆಸ್ಕೊಂಡು ಹೋಗ್ತಿದ್ರು, ಝೆರಾಕ್ಸ್ ಮಾಡಿಸಿದ ಹಾಗೆ. 1999ರ ಏಪ್ರಿಲ್ 26ಕ್ಕೆ ಸಿಐಎಚ್ ವೈರಸ್ ಏಷ್ಯಾದ ತುಂಬಾ ಪಿಸಿಗಳ ಬಯಾಸ್ ಅಳಿಸಿದಾಗಲೂ ದಾರಿ ಅದೇ: ಚಿಪ್ ಕಿತ್ತು ಪ್ರೋಗ್ರಾಮರಿನಲ್ಲಿಟ್ಟು ಮತ್ತೆ ಬರೆಯೋದು, ಇಲ್ಲಾ ಹೊಸ ಬೋರ್ಡ್.

ಬರೆಯೋ ಕೆಲಸ ಸುಮ್ಮನೆ ಅಲ್ಲ. 2716 ಚಿಪ್ಪಿಗೆ 25 ವೋಲ್ಟ್ ಬೇಕು, ಒಂದೊಂದು ಬೈಟಿಗೂ 50 ಮಿಲಿಸೆಕೆಂಡು. 2732ಕ್ಕೆ 25, ಆದ್ರೆ 2732ಎ ಆದ್ರೆ 21. 2764ಕ್ಕೆ 21, 2764ಎ ಆದ್ರೆ 12.5. ಆ ಒಂದು ಅಕ್ಷರ ನೋಡದೆ ಬರೆದ್ರೆ ಚಿಪ್ ಸತ್ತೇ ಹೋಗುತ್ತೆ. ಈ ವೋಲ್ಟೇಜು, ಈ ಕಾಲಾವಧಿ ಎಲ್ಲಾ ಡೇಟಾಶೀಟಿನಲ್ಲಿ ಬಹಿರಂಗವಾಗೇ ಇತ್ತು. ಡಬ್ಬಿ ಮಾಡಿದವರು ಬಚ್ಚಿಟ್ಟದ್ದು ಒಂದೇ: ಆ ವೋಲ್ಟೇಜ್ ಬರಿಸೋಕೆ ಕಾರ್ಡಿಗೆ ಏನು ಹೇಳಬೇಕು ಅನ್ನೋದು. ಅದು ಅವರ ಡಾಸ್ ಪ್ರೋಗ್ರಾಮಿನ ಹೊಟ್ಟೆಯಲ್ಲಿತ್ತು.

ಪಿಸಿ ಬದಲಾದಾಗ ಆ ಪ್ರೋಗ್ರಾಮೇ ಕೈಕೊಟ್ಟಿತು. ಡಾಸ್, ವಿಂಡೋಸ್ 98ರವರೆಗೆ ಯಾವ ಪ್ರೋಗ್ರಾಂ ಬೇಕಾದ್ರೂ ಪೋರ್ಟಿಗೆ ನೇರ ಬರೆಯಬಹುದಿತ್ತು. ಎಕ್ಸ್‌ಪಿ ಬಂದು ಅದಕ್ಕೆ ಬೀಗ ಹಾಕ್ತು, ಬೇರೆ ಡ್ರೈವರ್ ಇಲ್ಲದೆ ಆಗಲ್ಲ ಅಂತು. 64 ಬಿಟ್ ವಿಂಡೋಸಿನಲ್ಲಿ 16 ಬಿಟ್ ಡಾಸ್ ಪ್ರೋಗ್ರಾಮೇ ಓಡಲ್ಲ. ಅದಕ್ಕೂ ಮೊದಲೇ ಬೋರ್ಡುಗಳಿಂದ ಐಎಸ್‌ಎ ಸ್ಲಾಟ್ ಮಾಯ, ಆಮೇಲೆ ಪ್ಯಾರಲಲ್ ಪೋರ್ಟ್ ಮಾಯ. ಯುಎಸ್‌ಬಿಯಿಂದ ಪ್ಯಾರಲಲ್ ಮಾಡೋ ಕೇಬಲ್ ತಂದು ಬೇಸತ್ತವರು ನಮ್ಮಲ್ಲೂ ಇದ್ದಾರೆ. ಅದಕ್ಕೆ ಪ್ರಿಂಟರ್ ಭಾಷೆ ಮಾತ್ರ ಬರೋದು, ಒಂದೊಂದು ತಂತಿಯನ್ನ ಬೇಕಾದಾಗ ಏರಿಸಿ ಇಳಿಸೋಕೆ ಬಿಡಲ್ಲ. ಹೀಗೆ ಒಂದು ಸ್ಕ್ರೂ ಕೂಡಾ ಸಡಿಲ ಆಗದ ಡಬ್ಬಿಗಳು ಒಂದೊಂದಾಗಿ ಅಟ್ಟ ಸೇರಿದವು. ನನಗೆ ಸಿಟ್ಟು ಬರೋದು ಇಲ್ಲೇ. ಕೋಡ್ ಬರೆಯೋ ನಾವು 'ಎಂಡ್ ಆಫ್ ಲೈಫ್' ಅಂತ ಒಂದು ಮೇಲ್ ಹಾಕಿ ಮುಂದಿನ ಸ್ಪ್ರಿಂಟ್‌ಗೆ ಹೋಗ್ತೀವಿ. ಅದರ ಇನ್ನೊಂದು ತುದಿ ಭಾಂಡುಪ್‌ನ ಗಾಲಾದಲ್ಲಿರುತ್ತೆ.

ನನಗೆ ಸಿಕ್ಕ ಡಬ್ಬಿಯ ಮೇಲಿನ ಹೆಸರು ಪೂರ್ತಿ ಉಜ್ಜಿಹೋಗಿತ್ತು. ತೂಕದ ಲೆಕ್ಕದಲ್ಲಿ ಕೊಟ್ರು. ಅದರ ಜೊತೆ ಕಾರ್ಡ್, ಒಂದು ಫ್ಲಾಪಿ. ಐಎಸ್‌ಎ ಸ್ಲಾಟ್ ಇರೋ ಪೆಂಟಿಯಂ 3 ಬೋರ್ಡೊಂದೂ ಅದೇ ಗಲ್ಲಿಯಲ್ಲಿ ಸಿಕ್ತು. ಮನೆಗೆ ತಂದು ಫ್ರೀಡಾಸ್ ಹಾಕಿ ಪ್ರೋಗ್ರಾಂ ಓಡಿಸಿದ ಕೂಡ್ಲೇ ಪರದೆ ಮೇಲೆ: ರನ್‌ಟೈಮ್ ಎರರ್ 200. ಹಳಬರಿಗೆ ಇದು ಗೊತ್ತು. ಟರ್ಬೋ ಪ್ಯಾಸ್ಕಲ್‌ನಲ್ಲಿ ಬರೆದ ಪ್ರೋಗ್ರಾಂ ಶುರುವಾಗ್ತಾ ಸಿಪಿಯು ಎಷ್ಟು ಜೋರು ಅಂತ ಒಂದು ಲೂಪ್ ಓಡಿಸಿ ಅಳೆಯುತ್ತೆ. ಸಿಪಿಯು ಅವರ ಊಹೆಗಿಂತ ಜೋರಾದಾಗ ಭಾಗಾಕಾರದ ಉತ್ತರ 16 ಬಿಟ್ಟಿನಲ್ಲಿ ಹಿಡಿಸದೆ ಅಲ್ಲೇ ಬೀಳುತ್ತೆ. ಬಯಾಸ್‌ಗೆ ಹೋಗಿ ಕ್ಯಾಶ್ ಆಫ್ ಮಾಡಿದೆ. ಪೆಂಟಿಯಂ ಆಮೆ ಆಯ್ತು, ಪ್ರೋಗ್ರಾಂ ಎದ್ದು ಕೂತ್ಕೊಳ್ತು.

ಹಾಗಾದ್ರೆ ಆ ಪಿಸಿಯಲ್ಲೇ ಕೆಲಸ ಮುಗಿಸಬಹುದಿತ್ತಲ್ಲ? ಪ್ರಯತ್ನ ಮಾಡಿದೆ. 8748 ಇರಬೇಕಾದ ಫೈಲ್ ಫ್ಲಾಪಿಯ ಕೆಟ್ಟ ಸೆಕ್ಟರ್ ಮೇಲೇ ಇತ್ತು. ಬೇರೆ ಚಿಪ್ಪುಗಳು ಬಂದವು, ನನಗೆ ಬೇಕಾದ್ದು ಬರಲಿಲ್ಲ. ಆಗ ಶುರುವಾಯ್ತು ನಿಜವಾದ ಕೆಲಸ, ನಾಲ್ಕು ಭಾನುವಾರ ತಗೊಳ್ತು.

ಕಾರ್ಡ್ ಮೇಲೆ ನೋಡಿದ್ರೆ ಒಂದೇ ಒಂದು ದೊಡ್ಡ ಚಿಪ್, 8255. ಮೂರು ಪೋರ್ಟ್, ಒಂದು ಕಂಟ್ರೋಲ್ ರಿಜಿಸ್ಟರ್, ವಿಳಾಸ ಹೆಕ್ಸ್ 300ರಿಂದ 303. ಲ್ಯಾಬಲ್ಲಿ ನಾವು ಕಂಟ್ರೋಲ್ ವರ್ಡ್ 80 ಅಂತ ಬಾಯಿಪಾಠ ಮಾಡಿದ್ದೇ ಅದು! ಹಾಗಾಗಿ ಕಾರ್ಡಿನಲ್ಲಿ ಗುಟ್ಟಿಲ್ಲ, ಗುಟ್ಟಿರೋದು ಡಬ್ಬಿಯಲ್ಲಿ. ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಜರ್ ಹಾಕಿ, ಗೊತ್ತಿರೋ 2716 ಒಂದನ್ನ ಓದಿಸಿ, ಪೋರ್ಟುಗಳಲ್ಲಿ ಏನು ಹೋಗ್ತಿದೆ ಅಂತ ಬರೆದುಕೊಂಡೆ. ಇನ್ನೊಂದು ಕಡೆ ಅದೇ ಪ್ರೋಗ್ರಾಮನ್ನ ಗೀಡ್ರಾದಲ್ಲಿ ತೆರೆದೆ. ಅಮೆರಿಕದ ಎನ್‌ಎಸ್‌ಎ 2019ರಲ್ಲಿ ಉಚಿತವಾಗಿ ಬಿಟ್ಟ ಸಾಧನ ಇದು, 16 ಬಿಟ್ ಕೋಡನ್ನೂ ಬಿಡಿಸಿ ತೋರಿಸುತ್ತೆ. ಪೋರ್ಟಿಗೆ ಬರೆಯೋ ಔಟ್ ಅನ್ನೋ ಸೂಚನೆ ಎಲ್ಲೆಲ್ಲಿದೆ ಅಂತ ಮಾತ್ರ ಹುಡುಕ್ದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಬಿಡಿಸ್ಕೊಂಡಿತು: ಎ ಪೋರ್ಟಿನಲ್ಲಿ ಡೇಟಾ, ಬಿ ಪೋರ್ಟಿನಲ್ಲಿ ಡಬ್ಬಿಯ ಎಷ್ಟನೇ ಲ್ಯಾಚ್ ಅನ್ನೋ ನಂಬರ್, ಸಿ ಪೋರ್ಟಿನಲ್ಲಿ 'ಈಗ ಹಿಡ್ಕೋ' ಅನ್ನೋ ಒಂದು ತಟ್ಟು. ಐದನೇ ಲ್ಯಾಚಿಗೆ ಹಾಕಿದ ಅಂಕಿಯ ಹತ್ತನೇ ಒಂದು ಭಾಗ ಪ್ರೋಗ್ರಾಮಿಂಗ್ ವೋಲ್ಟೇಜ್. 210 ಹಾಕಿದ್ರೆ 21, 250 ಹಾಕಿದ್ರೆ 25. ಆರನೇದು ಚಿಪ್ಪಿನ ಸಪ್ಲೈ ವೋಲ್ಟೇಜ್. ಇದನ್ನ ಗೊತ್ತು ಮಾಡ್ಕೊಂಡದ್ದು ಖಾಲಿ ಸಾಕೆಟ್‌ಗೆ ಮಲ್ಟಿಮೀಟರ್ ಹಿಡಿದು.

ಆಮೇಲೆ ಐಎಸ್‌ಎ ಕಾರ್ಡ್ ಕಿತ್ತಿಟ್ಟು, ಅದರ ಜಾಗದಲ್ಲಿ 5 ವೋಲ್ಟಿನ ಆರ್ಡುಯಿನೋ ಮೆಗಾ ಕೂರಿಸಿದೆ. ಡಬ್ಬಿಗೆ ಹಳೇ ಎಸ್‌ಎಂಪಿಎಸ್‌ನಿಂದ ಕರೆಂಟ್. ಲ್ಯಾಪ್‌ಟಾಪಿನಲ್ಲಿ ಪೈಥಾನ್. ಒಂದು ಮಾತು, ಇದನ್ನ ಮಾಡ ಹೊರಟವರು ಗಮನಿಸಿ: 50 ಮಿಲಿಸೆಕೆಂಡಿನ ಪಲ್ಸನ್ನ ಲ್ಯಾಪ್‌ಟಾಪಿನಿಂದ ಅಳೆಯಬೇಡಿ. ಯುಎಸ್‌ಬಿಯಲ್ಲಿ, ಆಪರೇಟಿಂಗ್ ಸಿಸ್ಟಮಿನ ಸರದಿಯಲ್ಲಿ ಅದು ಎಷ್ಟು ಹೊತ್ತು ಕಾಯುತ್ತೋ ಹೇಳೋಕಾಗಲ್ಲ. ಕಾಲ ಎಣಿಸೋ ಕೆಲಸ ಪೂರ್ತಿ ಮೈಕ್ರೋಕಂಟ್ರೋಲರಿನದ್ದೇ.

ಕಾನೂನು ಕೇಳೋರಿಗೆ: ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ, ಒಂದು ಪ್ರೋಗ್ರಾಂ ಇನ್ನೊಂದರ ಜೊತೆ ಕೆಲಸ ಮಾಡೋಕೆ ಬೇಕಾದ ಮಾಹಿತಿ ತೆಗೆಯೋದಕ್ಕೂ, ಕಾನೂನುಬದ್ಧವಾಗಿ ಪಡೆದ ಪ್ರತಿ ಹಾಳಾಗದ ಹಾಗೆ ಬ್ಯಾಕಪ್ ಇಟ್ಕೊಳ್ಳೋದಕ್ಕೂ ಷರತ್ತುಗಳ ಮೇಲೆ ಅವಕಾಶ ಇದೆ.

ತಪ್ಪೂ ಮಾಡಿದೆ. ಅಭ್ಯಾಸಕ್ಕೆ ಅಂತ ಎರಡು ಹಳೇ 8748ಎಚ್ ತಂದಿದ್ದೆ. ಮೊದಲನೆಯದಕ್ಕೆ ಬರೀ 8748ರ ಸಾಲು ನೋಡಿ 250 ಹಾಕಿದೆ. 'ಎಚ್' ಅನ್ನೋ ಅಕ್ಷರಕ್ಕೆ ನಾಲ್ಕು ವೋಲ್ಟ್ ವ್ಯತ್ಯಾಸ. ಮೇಲೆ ನಿಮಗೆ ಉಪದೇಶ ಮಾಡಿದ್ನಲ್ಲ, ಅದೇ. ಚಿಪ್ ಬಿಸಿ ಆಗಿ ಸತ್ತುಹೋಯ್ತು. ಮಾವನ ಚಿಪ್ ಇನ್ನೂ ಮುಟ್ಟಿರಲಿಲ್ಲ ಅನ್ನೋದೊಂದೇ ಸಮಾಧಾನ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಮುಂದಿನ ಭಾನುವಾರ ಡಬ್ಬಿ ಹೊತ್ಕೊಂಡು ಗಾಲಾಗೇ ಹೋದೆ. ಸ್ಟಿಕ್ಕರ್ ಕೀಳದೆ, ಚಿಪ್ಪನ್ನ ಸಾಕೆಟ್ಟಲ್ಲಿಟ್ಟು ಓದಿದೆ. ಪ್ರತಿ ಸಲ ಓದಿದಾಗ 1,024 ಬೈಟನ್ನೂ ಕೂಡಿಸಿ, ಕೊನೆಯ ನಾಲ್ಕು ಹೆಕ್ಸ್ ಅಂಕಿಯನ್ನ ಚೆಕ್‌ಸಮ್ ಅಂತ ಪರದೆಗೆ ಹಾಕೋ ಹಾಗೆ ಬರೆದಿದ್ದೆ. 5 ವೋಲ್ಟಲ್ಲಿ ಐದು ಸಲ ಓದಿದ್ರೆ ಮೂರು ಸಲ 7348, ಎರಡು ಸಲ 7308. ಯಾವುದು ನಿಜ?

"ಎಂತದ್ದು ಇಂಜಿನಿಯರ್ರು ನೀವು? ಒಂದು ಸಾವಿರ ಅಕ್ಷರ ಸರಿ ಓದ್ಲಿಕ್ಕೆ ಆಗುದಿಲ್ವಾ?" ಅಂದ್ರು ಮಾವ. ನಗ್ತಾನೇ ಅಂದ್ರು, ಆದ್ರೆ ಮುಖದಲ್ಲಿ ನಗು ಇರಲಿಲ್ಲ.

ಸೋರಿಹೋಗ್ತಿರೋ ಇಪ್ರಾಮ್ ಓದೋಕೆ ಒಂದು ಹಳೇ ಉಪಾಯ ಇದೆ. ಸಪ್ಲೈ ವೋಲ್ಟೇಜ್ ಇಳಿಸೋದು. ಅರ್ಧ ಖಾಲಿಯಾದ ಗೇಟ್ 5 ವೋಲ್ಟಿನ ಒತ್ತಡಕ್ಕೆ ತಡೆಯದೆ ಅಳಿದುಹೋದ ಹಾಗೆ ಕಾಣುತ್ತೆ. ಒತ್ತಡ ಕಮ್ಮಿ ಮಾಡಿದ್ರೆ ಉಳಿದಿರೋ ಚಾರ್ಜೇ ಸಾಕಾಗಿ ಹಳೇ ಬಿಟ್ ಮತ್ತೆ ಕಾಣುತ್ತೆ. ಆರನೇ ಲ್ಯಾಚ್ ಅದಕ್ಕೇ ಬೇಕಾಗಿತ್ತು. 4.5ಕ್ಕೆ ಇಳಿಸಿದೆ: ಪ್ರತಿ ಸಲವೂ 7348. 4.3ಕ್ಕೆ ಇಳಿಸಿದೆ: 7358. ಹತ್ತು ಸಲ ಓದಿದೆ, ಹತ್ತೂ ಸಲ 7358. 4.0ಕ್ಕೆ ಹೋದ್ರೆ ಬರೀ ಕಸ.

ಹತ್ತು ಸಲ ಒಂದೇ ಬಂತು ಅಂದಮಾತ್ರಕ್ಕೆ ಅದು ಸರಿ ಅಂತ ಹೇಗೆ ನಂಬೋದು ಅಂತ ನಾನು ಯೋಚಿಸ್ತಿದ್ದೆ. ಮಾವ ಚಹಾದ ಗ್ಲಾಸ್ ಕೆಳಗಿಟ್ಟು ಪರದೆ ಕಡೆ ಬಗ್ಗಿದ್ರು. "ಅಲ್ಲ ಮಾರಾಯ್ರೇ, ಈ ನಂಬ್ರ ಚಿಪ್ಪಿನ ಮೇಲೆಯೇ ಉಂಟಲ್ಲ?"

ಜಾಬ್ ನಂಬರ್ ಅಲ್ಲ ಅದು. ಎ ಇಂದ ಎಫ್ ತನಕದ ಅಕ್ಷರ ಒಂದೂ ಇಲ್ಲದ್ದರಿಂದ ಹೆಕ್ಸ್ ಅಂತ ನನಗೆ ಹೊಳೆದೇ ಇರಲಿಲ್ಲ. ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದೆ ಈ ಚಿಪ್ ಬರೆದ ಯಾರೋ ಒಬ್ಬ, ಬಹುಶಃ ಇದೇ ಥರದ ಡಬ್ಬಿಯ ಮುಂದೆ ಕೂತು, ಪರದೆ ಮೇಲೆ ಬಂದ ಚೆಕ್‌ಸಮ್ಮನ್ನ ಸ್ಟಿಕ್ಕರಿಗೆ ಇಳಿಸಿ ಅಂಟಿಸಿದ್ದ. ಇನ್ನೊಂದು ಸಂಗತಿ ಇದೆ. 27ರ ಸರಣಿಯಲ್ಲಿ ಖಾಲಿ ಬೈಟ್ ಅಂದ್ರೆ ಎಫ್‌ಎಫ್. 8748ರಲ್ಲಿ ಖಾಲಿ ಅಂದ್ರೆ 00. ಅಂದರೆ ಇದರಲ್ಲಿ ಬಿಟ್ ಸೋರಿದ್ರೆ 1 ಹೋಗಿ 0 ಆಗುತ್ತೆ, ಮೊತ್ತ ಇಳಿಯುತ್ತೇ ಹೊರತು ಏರಲ್ಲ. ಸೋರಿಕೆಯ ಎರಡು ತಪ್ಪು ಒಂದನ್ನೊಂದು ಸರಿದೂಗಿಸಿ ನಮಗೆ ಮೋಸ ಮಾಡೋ ದಾರಿ ಇಲ್ಲ. 7348ಕ್ಕೂ 7358ಕ್ಕೂ ಹೆಕ್ಸ್‌ನಲ್ಲಿ 10ರ ವ್ಯತ್ಯಾಸ, ಒಂದೇ ಒಂದು ಬಿಟ್. 7308ಕ್ಕೆ ಇನ್ನೊಂದು. 4.3ರ ಓದನ್ನೂ 5ರ ಓದನ್ನೂ ಬೈಟ್ ಬೈಟ್ ಹೋಲಿಸಿದೆ: ಸರಿಯಾಗಿ ಎರಡೇ ಕಡೆ ವ್ಯತ್ಯಾಸ. 8,192 ಬಿಟ್ಟುಗಳಲ್ಲಿ ಎರಡು, ಅಷ್ಟಕ್ಕೇ ಅಷ್ಟು ತಾಮ್ರ ಗುಜರಿಗೆ ಹೋದದ್ದು.

ಉಳಿದ ಇನ್ನೊಂದು 8748ಎಚ್ ಚಿಪ್ಪನ್ನ ಅಳಿಸಿ, ಖಾಲಿ ಅಂತ ನೋಡ್ಕೊಂಡು, ಐದನೇ ಲ್ಯಾಚಿಗೆ 210 ಅಂತ ಮೂರು ಸಲ ಓದಿ, ಎಂಟರ್ ಒತ್ತಿದೆ. 1,024 ಬೈಟ್, ಒಂದೊಂದಕ್ಕೆ 50 ಮಿಲಿಸೆಕೆಂಡು, ಸುಮಾರು 51 ಸೆಕೆಂಡು. ಯಾರೂ ಮಾತಾಡಲಿಲ್ಲ. 4.5ರಲ್ಲೂ 5.5ರಲ್ಲೂ ಓದಿ ನೋಡಿದೆ, ಎರಡರಲ್ಲೂ 7358.

ಹೊಸ ಚಿಪ್ಪಿಗೆ ಸ್ಟಿಕ್ಕರ್ ಬರೆದದ್ದು ಮಾವ. 7358, ಅದರ ಕೆಳಗೆ ಚಿಕ್ಕದಾಗಿ ತಾರೀಕು. ಹಳೇ ಚಿಪ್ಪನ್ನ ಕಪ್ಪು ಫೋಮಿಗೆ ಚುಚ್ಚಿ ಗಣಪತಿ ಫೋಟೋದ ಹಿಂದೆ ಇಟ್ರು. ಮಧ್ಯಾಹ್ನ ಎರಡೂವರೆ, ಶೀಟ್ ಛಾವಣಿ ಕಾದು ಒಳಗೆ ನಿಲ್ಲೋಕಾಗದಂಥ ಸೆಕೆ. ಮಷಿನ್ 1,200ಕ್ಕೆ ನಿಂತಿತು. ಇನ್ನೊಂದು ಬಾಬಿನ್ ಹಾಕಿದ್ರು, 1,200ಕ್ಕೆ ನಿಂತಿತು. ಸಂಜೆ ತನಕ ಹನ್ನೊಂದು ಬಾಬಿನ್ ಆದವು.

ಪೋರ್ಟುಗಳ ಪಟ್ಟಿ, ಲ್ಯಾಚ್ ನಂಬರುಗಳು, ಪೈಥಾನ್ ಕೋಡ್ ಎಲ್ಲಾ ವಿಡಿಯೋದ ಕೆಳಗೆ ಹಾಕಿದ್ದೀನಿ. ನಿಮ್ಮ ಡಬ್ಬಿ ಬೇರೆ ಇದ್ರೆ ಅಂಕಿಗಳೂ ಬೇರೆ ಇರ್ತವೆ, ಖಾಲಿ ಸಾಕೆಟ್‌ಗೆ ಮೀಟರ್ ಹಿಡಿಯದೆ ಚಿಪ್ ಇಡಬೇಡಿ. ಪಕ್ಕದ ಗಾಲಾದವರ ಪ್ರೆಸ್ ಮಷಿನ್ನಲ್ಲೂ ಇಂಥದ್ದೇ ಕಿಟಕಿ ಚಿಪ್ ಎರಡು ಇವೆಯಂತೆ. ಒಂದರ ಸ್ಟಿಕ್ಕರ್ ಯಾವಾಗಲೋ ಬಿದ್ದುಹೋಗಿದೆ ಅಂತ ನಿನ್ನೆ ರಾತ್ರಿ ಮಾವ ಫೋನ್ ಮಾಡಿದ್ರು. ಕಪ್ಪು ಟೇಪ್ ಅಂಟಿಸಿ, ಮಷಿನ್ ಆಫ್ ಮಾಡಿಡಿ ಅಂದಿದ್ದೀನಿ. ಭಾನುವಾರ ಹೋಗ್ತೀನಿ.